ದೇವರ ಕೋಣೆ ಸೇರಿದ ಕಾದಂಬರಿ

ದಸರಾ ರಜೆ ಶುರುವಾಗುವ ಹೊತ್ತಿಗೆ ಸರಿಯಾಗಿ ನನ್ನ ಕಾದಂಬರಿ ದೇವರ ಪಾಲಾಯಿತು ಕಣ್ರೀ!

ಎಷ್ಟು ಆಸೆ ಇಟ್ಟುಕೊಂಡಿದ್ದೆ ಗೊತ್ತಾ? ಮೇಲಧಿಕಾರಿಯನ್ನು ಕಾಡಿ ಬೇಡಿ, ಸಿ.ಎಲ್. ಸೇರಿಸಿ ಸಾಲು ರಜೆ ಹೊಂದಿಸಿದ್ದೆ. ನಂಜನಗೂಡಿನ ನಮ್ಮ ಮನೆಯ ತಾರಸಿ, ಒಂದು ಚಾಪೆ, ಒಂದು ಲೋಟ ಕಾಫಿ, ಲೈಬ್ರರಿಯಿಂದ ತಂದ ದಪ್ಪ ಕಾದಂಬರಿ. ಅರ್ಧದಾಚೆಗೆ ಓದಿಯಾಗಿತ್ತು. ಮಳೆ ಹಿಂದೆಗೆದು, ಹೊಳೆ ಕಡೆಯಿಂದ ತಣ್ಣಗೆ ಗಾಳಿ ಬೀಸುವ ಈ ಆಶ್ವಯುಜ ಬಂತೆಂದರೆ ನನಗೆ ವರ್ಷವೇ ಹೊಸದಾಗಿ ಶುರುವಾದಂತೆ. (ಯುಗಾದಿ ಅಂತೀರಾ? ಆ ಬಿಸಿಲಲ್ಲಿ ಹೊಸದಾಗೋಕೆ ಯಾರಿಗೆ ಸಾಧ್ಯ?)

ಸರಸ್ವತಿ ಪೂಜೆಯ ಸಂಜೆ ಆಫೀಸಿನಿಂದ ಓಡೋಡಿ ಬಂದು ನೋಡಿದರೆ ಪುಸ್ತಕವಿಲ್ಲ. ಮಂಚದ ಕೆಳಗೆ, ಟೀವಿ ಮೇಲೆ, ಅಕ್ಕಿ ಡಬ್ಬದ ಹಿಂದೆ, ಎಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ದೇವರ ಕೋಣೆಯಲ್ಲಿ. ಮಗಳ ಗಣಿತ, ವಿಜ್ಞಾನದ ಪುಸ್ತಕಗಳ ನಡುವೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು ಕೂತಿದೆ!

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ. ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಮನೆಯಲ್ಲಿ ಯಾರೂ ಒಂದಕ್ಷರ ಓದುವಂತಿಲ್ಲ.

ಲೈಬ್ರರಿ ಪುಸ್ತಕವನ್ನು ಯಾಕಿಟ್ಟಿರಿ ಎಂದು ಅತ್ತೆಯನ್ನು ಕೇಳಿದೆ. ಲೈಬ್ರರಿಯದಾದರೆ ಅದು ಸರಸ್ವತಿ ಅಲ್ಲವಾ ಎಂದು ನನ್ನನ್ನೇ ಕೇಳಿದರು.

ನಮ್ಮ ಅತ್ತೆಯ ಬಗ್ಗೆ ಹೇಳಬೇಕು. ಕವಲಂದೆ ಕಡೆಯವರು, ಮಿಡ್ಲ್ ಸ್ಕೂಲು ಓದಿದವರು. ನನ್ನ ಕೈಯಲ್ಲಿ ಕಾದಂಬರಿ ಕಂಡರೆ ಸಾಕು, ಇದನ್ನೆಲ್ಲ ಓದಿ ಏನು ಕಡಿದು ಕಟ್ಟೆ ಹಾಕುತ್ತೀಯ ಎಂದು ಶುರು. ಸುಳ್ಳು ಕಥೆಗೆ ಕಣ್ಣೀರು ಹಾಕುವವರನ್ನು ಕಂಡರೆ ಅವರಿಗೆ ಆಗದು. ಅಂಥವರಿಗೆ ನನ್ನ ಪುಸ್ತಕದ ಮೇಲೆ ಇದ್ದಕ್ಕಿದ್ದಂತೆ ಯಾಕೆ ಭಕ್ತಿ?

ಇನ್ನೊಂದು ವಿಚಾರ. ನಾನು ಓದು ನಿಲ್ಲಿಸಿದ ಕಡೆ ಬಸ್ ಟಿಕೆಟ್ ಇಡುತ್ತೇನೆ. ಕೆಲವು ದಿನಗಳಿಂದ ಅದರ ಹಿಂದಿನ ಪುಟಗಳಲ್ಲಿ ಒಂದು ಪೊರಕೆ ಕಡ್ಡಿಯೂ ಕಾಣಿಸುತ್ತಿತ್ತು. ಮಗಳ ಕಿತಾಪತಿ ಎಂದು ಅವಳಿಗೆ ಸರಿಯಾಗಿ ಬೈದಿದ್ದೆ.

ಮಾರನೆಯ ದಿನ ನನ್ನ ಪಾಡು ಯಾರಿಗೂ ಬೇಡ. ಕೈ ತುರಿಕೆ! ಪೇಪರ್ ಬಿಡಿಸಿದರೆ ಅದೂ ಅಕ್ಷರವೇ ಎಂದು ಅತ್ತೆ ಕಿತ್ತಿಟ್ಟರು. ಕಡಲೆಬೇಳೆ ಕಟ್ಟಿದ್ದ ಕಾಗದವನ್ನು ಅಡುಗೆಮನೆಯಲ್ಲಿ ಕದ್ದು ಓದುತ್ತಿದ್ದಾಗಲೂ ಸಿಕ್ಕಿಬಿದ್ದೆ.

ನನ್ನ ಅವಸ್ಥೆ ನೋಡಲಾಗದೆ ಆಯುಧಪೂಜೆಯ ದಿನ ಅತ್ತೆಯೇ ಹೊರಡಿಸಿದರು. ಎಲ್ಲಿಗೆ? ಟಿ. ನರಸೀಪುರಕ್ಕೆ, ಸಂಗಮ ನೋಡಲು. ಅಲ್ಲ ಸ್ವಾಮಿ, ನನ್ನ ಆಫೀಸಿರುವುದೇ ಅಲ್ಲಿ! ವರ್ಷವೆಲ್ಲ ಹೋಗಿ ಬರುವ ದಾರಿಯಲ್ಲಿ ರಜೆಯಲ್ಲೂ ಹೋಗಬೇಕೇ?

ಹೋದೆ. ಬಸ್ಸಿಗೆ ಬಾಳೆಕಂದು ಕಟ್ಟಿದ್ದರು, ಚೆಂಡುಹೂವಿನ ಹಾರ ಹಾಕಿದ್ದರು. ಕಂಡಕ್ಟರು ಟಿಕೆಟ್ಟಿನ ಜೊತೆಗೆ ಪುರಿಯನ್ನೂ ಕೊಟ್ಟರು. ದಿನಾ ಈ ದಾರಿಯಲ್ಲಿ ನನ್ನ ಮೂಗು ಪುಸ್ತಕದೊಳಗಿರುತ್ತದೆ, ಇಲ್ಲವೆಂದರೆ ನಿದ್ದೆ. ಅವತ್ತು ಕೈಯಲ್ಲಿ ಏನೂ ಇಲ್ಲ. ವಿಧಿಯಿಲ್ಲದೆ ಕಿಟಕಿಯಾಚೆ ನೋಡಿದೆ.

ಅಬ್ಬಾ! ಹೊಲದ ತುಂಬ ಹುಚ್ಚೆಳ್ಳಿನ ಹಳದಿ ಹೂವು. ನಾಲೆಯ ಕೆಳಗೆ ಹೊಡೆ ಬಂದ ಭತ್ತ. ಗದ್ದೆಯ ಬದುವಿನ ಮೇಲೆ ಬೆಳ್ಳಕ್ಕಿಗಳ ಸಾಲು. ಇವೆಲ್ಲ ಯಾವಾಗಿನಿಂದ ಇಲ್ಲಿದ್ದವು? ಪಕ್ಕದಲ್ಲಿದ್ದ ಅತ್ತೆಯನ್ನು ತಿವಿದು ತಿವಿದು ತೋರಿಸಿದೆ. ಹೊಸದಾಗಿ ಊರಿಗೆ ಬಂದವಳ ಹಾಗೆ ಆಡಬೇಡ ಎಂದರು. ನಿಜಕ್ಕೂ ಹೊಸದಾಗಿ ಬಂದ ಹಾಗೇ ಆಗಿತ್ತು, ಖುಷಿ ತಡೆಯಲಾಗಲಿಲ್ಲ.

ಸಂಗಮದಲ್ಲಿ ನಮ್ಮೂರಿನಿಂದ ಬಂದ ಕಪಿಲೆ ಕಾವೇರಿಯ ಜೊತೆ ಸೇರಿ ತುಂಬಿ ಹರಿಯುತ್ತಿದ್ದಳು. ಮೆಟ್ಟಿಲ ಮೇಲೆ ಕೂತು, ನೀರಿಗೆ ಕಾಲು ಇಳಿಬಿಟ್ಟು ಪುರಿ ತಿಂದೆವು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ ನೀರನ್ನೇ ನೋಡುತ್ತ ಕೇಳಿದರು:

"ಅಲ್ಲ ಕಣವ್ವ, ಆ ಎಣ್ಣು, ಮಗಾನ ಬುಟ್ಟು ರೈಲು ಅತ್ತಿದ್ಲಲ್ಲ, ಇಳುದ್ಲಾ?"

ಯಾವ ಹೆಣ್ಣು? ಕೇರಿಯವರನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿದೆ. ರೈಲು ಹತ್ತಿದವರು ಯಾರೂ ಹೊಳೆಯಲಿಲ್ಲ.

"ನಿನ್ ಪುಸ್ತಕದೋಳು" ಎಂದರು ಅತ್ತೆ, ಮೆಲ್ಲಗೆ.

ಪೊರಕೆ ಕಡ್ಡಿ!

ನಾನು ಆಫೀಸಿಗೆ ಹೊರಟ ಮೇಲೆ ಬಾಗಿಲು ಹಾಕಿಕೊಂಡು ಓದುತ್ತಿದ್ದರಂತೆ. ಅಷ್ಟೆಲ್ಲ ಬೈದ ಬಾಯಲ್ಲಿ ಓದುತ್ತೇನೆ ಎನ್ನಲು ನಾಚಿಕೆಯಂತೆ. "ನೀನು ರಜೇಲಿ ಬಿರ್‍ರನೆ ಮುಗುಸ್ಬುಟ್ಟು ಲೈಬ್ರರಿಗೆ ಕೊಟ್ಬುಟ್ರೆ ನಾ ಏನ್ ಮಾಡ್ಲಿ? ಅದ್ಕೇ ದೇವ್ರ ಮುಂದೆ ಮಡುಗ್ದೆ" ಎಂದರು.

ನನಗೆ ನಗು ತಡೆಯದು. ಜೊತೆಗೆ ಪಾಪ ಎನಿಸಿತು. ಒಂದೇ ಮನೆಯಲ್ಲಿ ಒಂದೇ ಕಥೆಯನ್ನು ಇಬ್ಬರೂ ಬೇರೆ ಬೇರೆ ಕೂತು ಓದಿದ್ದೇವಲ್ಲ!

ಹೆಣ್ಣು ರೈಲಿನಿಂದ ಇಳಿದಳೋ ಇಲ್ಲವೋ ನನಗೆ ಗೊತ್ತಿತ್ತು. ಹೇಳಿದೆನೇ? ಉಹೂಂ. ನಾಳೆ ವಿಜಯದಶಮಿ, ಪುಸ್ತಕ ತೆಗೆದ ಮೇಲೆ ನೀವೇ ಓದಿಕೊಳ್ಳಿ ಎಂದು ಸತಾಯಿಸಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೋಗರೆದರೂ ಬಾಯಿ ಬಿಡಲಿಲ್ಲ.

ಬಿಡುವು ಎಂದರೆ ಏನು ಹೇಳಿ? ನಾವು ರಜೆಗೂ ಟೈಮ್‌ಟೇಬಲ್ ಹಾಕಿಕೊಳ್ಳುವವರು. ನನ್ನ ಪ್ಲಾನು ಕೆಟ್ಟಿದ್ದರಿಂದ ನನಗೆ ದಾರಿ ಕಂಡಿತು, ಅತ್ತೆ ಸಿಕ್ಕರು. ಈಗ ಆಫೀಸಿಗೆ ಹೋಗುವಾಗ ಪುಸ್ತಕ, ಬರುವಾಗ ಕಿಟಕಿ. ಊಟವಾದ ಮೇಲೆ ನಾನು ಜೋರಾಗಿ ಓದುತ್ತೇನೆ, ಅತ್ತೆ ಹೂವು ಕಟ್ಟುತ್ತ ಕೇಳುತ್ತಾರೆ. ನೀವೂ ಈ ದಸರಾಕ್ಕೆ ನಿಮ್ಮ ದಿನಚರಿಯನ್ನು ಒಂದಿಷ್ಟು ಕೆಡಿಸಿ ನೋಡಿ!

ಅಂದ ಹಾಗೆ, ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿಯಾದ ಮೇಲೆ ಪುಸ್ತಕ ತೆಗೆದೆ. ಎಲ್ಲರ ಎದುರು ಒಂದೆರಡು ಸಾಲು ಓದುವುದು ಪದ್ಧತಿ. ಬಿಡಿಸಿದರೆ ನನ್ನ ಬಸ್ ಟಿಕೆಟ್ ಇದ್ದಲ್ಲೇ ಇದೆ. ಪೊರಕೆ ಕಡ್ಡಿ ಮಾತ್ರ ಅದನ್ನು ದಾಟಿ ಕೊನೆಯ ಪುಟ ಸೇರಿದೆ. ಅತ್ತೆಯತ್ತ ನೋಡಿದೆ. ಅವರು ಕಣ್ಣು ಮುಚ್ಚಿ, ಕೈ ಮುಗಿದು, ಭಕ್ತಿಯಿಂದ ನಿಂತಿದ್ದರು.

ಸರಸ್ವತಿಯೇ ಓದಿ ಮುಗಿಸಿದಳು ಎಂದು ನಂಬಲೇ?