ಲಗೇಜಿನಿಂದ ಇಳಿದ ಪುಸ್ತಕಗಳು

ನಮ್ಮ ಊರಿನವರ ಸಂಘ ಅಚ್ಚು ಹಾಕಿಸಿದ ಸ್ಮರಣ ಸಂಚಿಕೆಯಲ್ಲಿ ‘ಗ್ರಂಥಾಲಯದ ಇತಿಹಾಸ’ ಎಂದು ಒಂದು ಪುಟವಿದೆ. ಅಧ್ಯಕ್ಷರು ಕನಸು ಕಂಡರಂತೆ, ದಾನಿಗಳು ಕೈ ಜೋಡಿಸಿದರಂತೆ, ಬಹರೈನಿನಲ್ಲಿ ಕನ್ನಡದ ದೀಪ ಹೊತ್ತಿತಂತೆ. ಬರೀ ಸುಳ್ಳು. ಆ ಗ್ರಂಥಾಲಯ ಹುಟ್ಟಿದ್ದು ಅರಾದಿನ ನನ್ನ ಕೋಲ್ಡ್ ಸ್ಟೋರಿನಲ್ಲಿ, ಈರುಳ್ಳಿ ಮೂಟೆ ತೂಗುವ ತಕ್ಕಡಿಯ ಮೇಲೆ. ಕೋಲ್ಡ್ ಸ್ಟೋರ್ ಎಂದರೆ ಏನೋ ದೊಡ್ಡದಲ್ಲ, ಹಾಲು, ಕುಬ್ಬೂಸ್ ಎನ್ನುವ ಅರಬ್ಬಿ ರೊಟ್ಟಿ, ಸಿಗರೇಟು ಮಾರುವ ದಿನಸಿ ಅಂಗಡಿ. ಇಲ್ಲಿ ಅದಕ್ಕೆ ಅದೇ ಹೆಸರು.

ಅರಾದಿಗೆ ವಿಮಾನ ನಿಲ್ದಾಣ ಹತ್ತಿರ. ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ ಊರಿಗೆ ಹೊರಟ ಕರಾವಳಿಯವರೆಲ್ಲ ನನ್ನ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಪೆಟ್ಟಿಗೆ ತೂಗಿಸಿಕೊಂಡೇ ಹೋಗುತ್ತಿದ್ದರು. ತೂಕ ಯಾವಾಗಲೂ ಹೆಚ್ಚೇ. ಫುಟ್‌ಪಾತಿನ ಮೇಲೆಯೇ ಪೆಟ್ಟಿಗೆ ಬಿಚ್ಚುತ್ತಿದ್ದರು. ಹಾಲಿನ ಪುಡಿ ತೆಗೆಯಲು ಮನಸ್ಸಿಲ್ಲ, ಬಾದಾಮಿ ತೆಗೆಯಲು ಮನಸ್ಸಿಲ್ಲ, ಸೆಂಟಿನ ಬಾಟಲಿ ತೆಗೆದರೆ ಹೆಂಡತಿ ಬಿಡುವುದಿಲ್ಲ. ಮೊದಲು ಹೊರಗೆ ಬರುತ್ತಿದ್ದದ್ದು ಪುಸ್ತಕ. “ಇದು ಇಲ್ಲೇ ಇರ್ಲಿ ಸಾಯ್ಬ್ರೆ, ಯಾರಾದ್ರೂ ಓದ್ತಾರೆ,” ಎಂದು ನನ್ನ ಕೈಗೆ ತುರುಕಿ ಓಡುತ್ತಿದ್ದರು. ಸಂಚಿಕೆಯಲ್ಲಿ ಬರೆದ ದಾನಿಗಳು ಇವರೇ.

ಅಕ್ಕಿ ಚೀಲಗಳ ಹಿಂದಿನ ಅಟ್ಟಣಿಗೆ ಎರಡು ವರ್ಷದಲ್ಲಿ ತುಂಬಿತು. ಓದುವವರೂ ಬಂದರು. ಟುಬ್ಲಿಯ ಗ್ಯಾರೇಜಿನ ಹುಡುಗರು, ಆಫೀಸಿನ ಚಾ ಮಾಡುವವರು, ಅವಾಲಿಯ ಒಂದು ಮನೆಗೆ ಕಾರು ಓಡಿಸುವ ಕುಂದಾಪುರ ಕಡೆಯ ಒಬ್ಬ ಡ್ರೈವರ್. ನಾನು ಹೆಸರು ಬರೆದುಕೊಳ್ಳಲಿಲ್ಲ, ಕಾಸು ಕೇಳಲಿಲ್ಲ. ಹೆಚ್ಚಿನವರು ಪುಸ್ತಕ ಒಯ್ದು ತಂದುಕೊಡುತ್ತಿದ್ದರು. ಈ ಡ್ರೈವರ್ ಮಾತ್ರ ಒಯ್ಯುತ್ತಿರಲಿಲ್ಲ. ಆರು ಜನ ಮಲಗುವ ಅವನ ಖೋಲಿಯಲ್ಲಿ ದೀಪ ಹಾಕಿದರೆ ಜಗಳವಾಗುತ್ತಿತ್ತು. ಯಜಮಾನಿ ತನ್ನ ತಾಯಿಯ ಮನೆಗೆ ಅರಾದಿಗೆ ಬಂದಾಗೆಲ್ಲ ಇವನು ನನ್ನ ಅಂಗಡಿಯ ಸ್ಟೂಲಿನಲ್ಲಿ ಕೂತು ಒಂದು ದಪ್ಪ ಕಾದಂಬರಿ ಓದುತ್ತಿದ್ದ. ನಿಲ್ಲಿಸಿದಲ್ಲಿ ಕುಬ್ಬೂಸ್ ಪ್ಯಾಕೆಟಿನ ಪ್ಲಾಸ್ಟಿಕ್ ಹರಿದು ಗುರುತಿಗೆ ಇಡುತ್ತಿದ್ದ. ಕಥೆಯಲ್ಲಿ ಒಬ್ಬ ಬಡಪಾಯಿಯ ಮೇಲೆ ಕೊಲೆ ಕೇಸು. ತೀರ್ಪು ಬರುವ ಹೊತ್ತಿಗೆ ಯಜಮಾನಿಯ ಫೋನು ಬಂತು, ಎದ್ದು ಹೋದ.

ಅದೇ ವಾರ ಸಂಘದವರು ಬಂದರು. ಅಧ್ಯಕ್ಷರು, ಕಾರ್ಯದರ್ಶಿ, ಜೊತೆಗೆ ಒಂದು ಪಿಕಪ್ಪು. ಸಂಘದ ಹೊಸ ಹಾಲ್‌ನಲ್ಲಿ ಪುಸ್ತಕಗಳಿಗೆಂದು ಗಾಜಿನ ಬೀರು ಮಾಡಿಸಿದ್ದಾರಂತೆ, ಕನ್ನಡದ ಸೇವೆಯಂತೆ. “ಓದ್ಲಿಕ್ಕೆ ಬರುವವರನ್ನು ಬಿಡ್ಬೇಕು, ಯಾರೇ ಆಗ್ಲಿ,” ಎಂದೆ. “ಅದೆಂತ ಹೇಳ್ಲಿಕ್ಕುಂಟು ಸಾಹೇಬ್ರೆ, ಎಲ್ಲರದ್ದೂ ಅಲ್ವಾ,” ಎಂದರು ಅಧ್ಯಕ್ಷರು. ನನ್ನ ಚಾ ಕುಡಿದರು, ನನ್ನ ಬಾಳೆಹಣ್ಣು ತಿಂದರು, ಅಟ್ಟಣಿಗೆ ಬರಿದು ಮಾಡಿದರು. ಉಂಡೂ ಹೋದ, ಕೊಂಡೂ ಹೋದ ಅಂತಾರಲ್ಲ, ಹಾಗೆ.

ಮುಂದಿನ ಶುಕ್ರವಾರ ಡ್ರೈವರ್ ಇಸ್ತ್ರಿ ಅಂಗಿ ಹಾಕಿಕೊಂಡು ಆ ಹಾಲಿಗೆ ಹೋದ. ಬಾಗಿಲಲ್ಲೇ ಕಾರ್ಯದರ್ಶಿ ತಡೆದ. ಶುಕ್ರವಾರ ಫ್ಯಾಮಿಲಿಗಳಿಗೆ ಮಾತ್ರವಂತೆ, ಬ್ಯಾಚುಲರುಗಳಿಗೆ ಇಲ್ಲವಂತೆ. ಊರಲ್ಲಿ ಮೂವರು ಹೆಣ್ಣುಮಕ್ಕಳಿರುವ ಮನುಷ್ಯ ಬ್ಯಾಚುಲರ್! ಹೆಂಡತಿಯ ವೀಸಾ ಮಾಡಿಸುವಷ್ಟು ಸಂಬಳ ಇಲ್ಲದವನಿಗೆಲ್ಲ ಗಲ್ಫಿನಲ್ಲಿ ಇದೇ ಬಿರುದು. ಬೇರೆ ದಿನ ಅವನಿಗೆ ರಜೆಯಿಲ್ಲ, ಬೇರೆ ದಿನ ಹಾಲಿನ ಬಾಗಿಲೂ ತೆರೆಯುವುದಿಲ್ಲ.

ಅವನು ನನ್ನ ಮೇಲೂ ಹರಿಹಾಯ್ದ. “ನೀವು ಕೊಟ್ಟದ್ದೆಂತಕ್ಕೆ ಸಾಯ್ಬ್ರೆ? ಆ ಗಂಡಿಗೆ ಗಲ್ಲೋ ಬಿಡುಗಡೆಯೋ, ಯಾರು ಹೇಳುದು ನಂಗೆ?” ನಾನು ಆ ಪುಸ್ತಕ ಓದಿರಲಿಲ್ಲ. ಅಧ್ಯಕ್ಷರಿಗೆ ಫೋನ್ ಮಾಡಿ ಬೈದೆ. ಅವರು ನಕ್ಕು, “ಬೈಲಾ ಪ್ರಕಾರ ಹೋಗ್ಬೇಕಲ್ವಾ ಸಾಹೇಬ್ರೆ,” ಎಂದರು. ಇನ್ನು ಮೇಲೆ ಯಾರ ಪುಸ್ತಕವನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಹಟ ಹಿಡಿದೆ. ಅಟ್ಟಣಿಗೆಗೆ ಟಿಶ್ಯೂ ಡಬ್ಬಿ ತುಂಬಿದೆ. ಆ ಜನರನ್ನು ನೆನೆದರೆ ಈಗಲೂ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ.

ಎರಡು ವರ್ಷ ಹೀಗೇ ಹೋಯಿತು. ಒಂದು ಸಂಜೆ ಅಂಗಡಿಯ ಮುಂದೆ ದೊಡ್ಡ ಕಾರು ನಿಂತಿತು. ಇಳಿದದ್ದು ಅದೇ ಅಧ್ಯಕ್ಷರು. ಕೆಲಸ ಮುಗಿಸಿ ಖಾಯಂ ಆಗಿ ಊರಿಗೆ ಹೊರಟಿದ್ದರು, ಮನೆಯೆಲ್ಲ ಖಾಲಿ ಮಾಡಿದ್ದರು. ಮುಖ ತಪ್ಪಿಸುತ್ತಲೇ ಪೆಟ್ಟಿಗೆ ತಕ್ಕಡಿಗೆ ಇಟ್ಟರು. ತೂಕ ಹೆಚ್ಚು. ಅಧ್ಯಕ್ಷರಾದರೂ ತಕ್ಕಡಿಗೆ ಬೈಲಾ ಗೊತ್ತಿಲ್ಲವಲ್ಲ! ಫುಟ್‌ಪಾತಿನಲ್ಲಿ ಮೊಣಕಾಲೂರಿ ಪೆಟ್ಟಿಗೆ ಬಿಚ್ಚಿದರು. ಹಾಲಿನ ಪುಡಿ ಮುಟ್ಟಿದರು, ಬಿಟ್ಟರು. ಬಾದಾಮಿ ಮುಟ್ಟಿದರು, ಬಿಟ್ಟರು. ಕೊನೆಗೆ ಹಗ್ಗ ಕಟ್ಟಿದ ಒಂದು ಕಟ್ಟು ಹೊರಗೆಳೆದರು. ಅವರದೇ ಫೋಟೋ ಇರುವ ಸ್ಮರಣ ಸಂಚಿಕೆ, ಊರಲ್ಲಿ ಹಂಚಲು ಇಟ್ಟುಕೊಂಡದ್ದು.

“ಇದು ಇಲ್ಲೇ ಇರ್ಲಿ ಸಾಹೇಬ್ರೆ, ಯಾರಾದ್ರೂ ಓದ್ತಾರೆ.”

“ಓದುವವರನ್ನು ನೀವು ಬಾಗಿಲಲ್ಲೇ ನಿಲ್ಲಿಸಿದ್ದೀರಲ್ಲ,” ಎಂದೆ. ಪೆಟ್ಟಿಗೆ ಮುಚ್ಚಿ ಕಾರು ಹತ್ತಿದರು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಕಟ್ಟನ್ನು ಕಸದ ಡಬ್ಬಿಗೆ ಎಸೆಯಬೇಕೆಂದೇ ಇದ್ದೆ. ಬಿಚ್ಚಿ ನೋಡಿದವನು ಆ ಸಂಜೆ ಯಜಮಾನಿಯನ್ನು ತಾಯಿಮನೆಗೆ ಬಿಟ್ಟು ಅಂಗಡಿಗೆ ಬಂದ ಡ್ರೈವರ್. ಇತಿಹಾಸದ ಪುಟದ ಕೊನೆಯ ಸಾಲನ್ನು ಜೋರಾಗಿ ಓದಿದ: “‘ನಮ್ಮ ಗ್ರಂಥಾಲಯದ ಬಾಗಿಲು ಜಾತಿ, ಮತ, ಅಂತಸ್ತಿನ ಭೇದವಿಲ್ಲದೆ ಪ್ರತಿ ಶುಕ್ರವಾರ ಎಲ್ಲ ಕನ್ನಡಿಗರಿಗೂ ತೆರೆದಿದೆ.’ ಇದು ಅವರೇ ಬರ್ದದ್ದಲ್ದಾ ಸಾಯ್ಬ್ರೆ?”

ಆ ಶುಕ್ರವಾರ ಅಂಗಡಿಯ ಶಟರ್ ಎಳೆದು ನಾನೂ ಹೊರಟೆ. ಡ್ರೈವರ್, ಗ್ಯಾರೇಜಿನ ಹುಡುಗರು, ಚಾ ಮಾಡುವವರು, ಎಲ್ಲರ ಕೈಯಲ್ಲೂ ಒಂದೊಂದು ಸಂಚಿಕೆ. ಬಾಗಿಲಲ್ಲಿ ಅದೇ ಕಾರ್ಯದರ್ಶಿ. ಬ್ಯಾಚುಲರ್ ಎನ್ನಲು ಬಾಯಿ ತೆರೆದ. ಡ್ರೈವರ್ ಪುಟ ತೆರೆದು ಅವನ ಮೂಗಿನ ಮುಂದೆ ಹಿಡಿದ. ಒಳಗಿದ್ದ ಫ್ಯಾಮಿಲಿಗಳೆಲ್ಲ ತಿರುಗಿ ನೋಡುತ್ತಿದ್ದರು. ಕಾರ್ಯದರ್ಶಿ ಗೊಣಗುತ್ತಾ ಬೀರುವಿನ ಕೀಲಿ ತಂದ. ಬೀಗ ತಿರುಗದೆ ಒದ್ದಾಡಿತು, ಕೊನೆಗೆ ಗ್ಯಾರೇಜಿನ ಹುಡುಗನೇ ತೆರೆದ.

ಪುಸ್ತಕಗಳು ಪಿಕಪ್ಪಿನಿಂದ ಇಳಿಸಿದ ಹಾಗೆಯೇ ಅಡ್ಡಾದಿಡ್ಡಿ ಬಿದ್ದಿದ್ದವು. ಡ್ರೈವರ್ ತನ್ನ ದಪ್ಪ ಕಾದಂಬರಿ ಹುಡುಕಿ ಎಳೆದು, ಧೂಳು ಒರೆಸಿ ಬಿಡಿಸಿದ. ಕುಬ್ಬೂಸ್ ಪ್ಯಾಕೆಟಿನ ಪ್ಲಾಸ್ಟಿಕ್ ಅವನು ಇಟ್ಟ ಪುಟದಲ್ಲೇ ಇತ್ತು.

“ಇವ್ರು ಒಬ್ರೂ ಓದ್ಲಿಲ್ಲ ಸಾಯ್ಬ್ರೆ,” ಎಂದ. ನಾನು ಅವನಿಗೆ ಒಂದು ಕುರ್ಚಿ ಎಳೆದುಕೊಟ್ಟೆ. ಅವನು ಕೂತು, ತೀರ್ಪಿನ ಪುಟ ತೆರೆದು, ಓದತೊಡಗಿದ.