ತುಟಿಯಂಚಿನ ಗುಳ್ಳೆ

ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯ ಆ ಮನೆಯಲ್ಲಿ ನನಗೊಂದು ಬೇರೆ ಲೋಟವಿತ್ತು. ಸ್ಟೀಲಿನದು, ಅಂಚು ನಗ್ಗಿದ್ದು. ಅದನ್ನು ಬೇರೆ ಇಟ್ಟವಳು ನನ್ನ ಗಂಡನ ಅಕ್ಕ. ಉಳಿದ ಪಾತ್ರೆಗಳ ಜೊತೆ ಅದು ಸಿಂಕಿಗೆ ಬೀಳಕೂಡದು, ನಾನೇ ತೊಳೆದು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಬೇಕು ಎಂಬುದು ಆಕೆಯ ಅಪ್ಪಣೆ. ಇಷ್ಟಕ್ಕೂ ನನಗಾಗಿದ್ದು ತುಟಿಯ ಅಂಚಿನಲ್ಲಿ ನಾಲ್ಕಾರು ನೀರುಗುಳ್ಳೆ.

ಮದುವೆಯಾಗಿ ಧಾರವಾಡದಿಂದ ಸಿಡ್ನಿಗೆ ಬಂದು ನಾನು ಕಂಡ ಮೊದಲ ಬೇಸಿಗೆ ಅದು. ಗಂಡನಿಗೆ ಅಲ್ಲೇ ನೆಲೆಸಲು ಪಿಆರ್ ಸಿಕ್ಕಿತ್ತು, ನೆಟ್ಟಗಿನ ಕೆಲಸ ಸಿಕ್ಕಿರಲಿಲ್ಲ. ಹಾಗಾಗಿ ಅವನ ಅಕ್ಕ ಮತ್ತು ಅವಳ ಗಂಡ ಬಾಡಿಗೆಗೆ ಹಿಡಿದಿದ್ದ ಎರಡು ಕೋಣೆಯ ಫ್ಲಾಟಿನಲ್ಲಿ ನಾವೂ ಇದ್ದೆವು. ಆಕೆ ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳು. ನೋಡಲು ಲಕ್ಷಣವಾಗಿದ್ದಳು, ಹೊರಗೆ ಹೊರಡುವ ಮುಂಚೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದಳು. ನಾನು ಆಕೆಯನ್ನು 'ಅಕ್ಕಾ' ಎನ್ನುತ್ತಿದ್ದೆ. ಬಾಯಿ ಹಾಗೆ ಕರೆಯುತ್ತಿತ್ತು, ಮನಸ್ಸು ಒಂದು ದಿನವೂ ಕರೆಯಲಿಲ್ಲ.

ಒಂದು ಭಾನುವಾರ ನಾಲ್ವರೂ ಬೀಚಿಗೆ ಹೋದೆವು. ಆ ಊರಿನ ಬಿಸಿಲು ಎಂಥದ್ದೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆಯ ಬಿಸಿಲು ತಲೆಗೆ ಹೊಡೆಯುತ್ತದೆ, ಇಲ್ಲಿನದು ಚರ್ಮವನ್ನೇ ಸುಲಿಯುತ್ತದೆ. ಮರುದಿನ ಬೆಳಿಗ್ಗೆ ಕೆಳತುಟಿಯ ಬಲಗಡೆ ಜುಮುಜುಮು ಶುರುವಾಯಿತು, ಆಮೇಲೆ ಚುರುಚುರು. ಚಿಕ್ಕಂದಿನಿಂದ ಪರಿಚಯವಿದ್ದ ಉರಿಯೇ. ಜ್ವರ ಬಂದರೆ, ಪರೀಕ್ಷೆಗೆ ನಿದ್ದೆಗೆಟ್ಟರೆ ಬರುತ್ತಿತ್ತು. ನನ್ನ ಅಪ್ಪನಿಗೂ ಬರುತ್ತಿತ್ತು. ಮನೆಯಲ್ಲಿ ಅದನ್ನು ಜ್ವರದ ಗುಳ್ಳೆ ಎನ್ನುತ್ತಿದ್ದರು, ರಾತ್ರಿ ತುಟಿಯ ಮೇಲೆ ಹಲ್ಲಿ ಓಡಾಡಿದೆ ಎಂದು ನಗುತ್ತಿದ್ದರು. ಬರುತ್ತಿತ್ತು, ಒಣಗುತ್ತಿತ್ತು, ಹೋಗುತ್ತಿತ್ತು.

ಅದರ ಮರುದಿನ ಗುಳ್ಳೆ ಎದ್ದು ನೀರು ತುಂಬಿಕೊಂಡಿತು. ತಿಂಡಿಗೆ ಕುಳಿತಾಗ ಆಕೆ ನನ್ನ ಮುಖವನ್ನು ದಿಟ್ಟಿಸಿದಳು.

"ತುಟಿಗೇನಾಗ್ಯದ?"

"ಜ್ವರದ ಗುಳ್ಳಿರೀ ಅಕ್ಕಾ. ಬಿಸಲಿಗೆ ಎದ್ದದ. ಸಣ್ಣಾಕಿ ಇದ್ದಾಗಿಂದ ಬರ್ತದ."

"ಜ್ವರಾ ಎಲ್ಲೆ ಅದ ನಿನಗ?" ಆಕೆ ತಟ್ಟೆಯನ್ನು ದೂರ ಸರಿಸಿದಳು. "ನಾ ಇಲ್ಲಿ ಪೇಪರ್‌ನ್ಯಾಗ ಓದೀನಿ. ಇದು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಬರೂ ರೋಗ. ನನ್ನ ತಮ್ಮನ ತುಟಿ ಸ್ವಚ್ಛ ಅದ. ಗಂಡಗ ಇಲ್ಲದ್ದು ಹೆಂಡತಿಗೆ ಎಲ್ಲಿಂದ ಬಂತು?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಮುಖ ಕಿವಿಯವರೆಗೆ ಬಿಸಿಯಾಯಿತು. ಗಂಡನ ಕಡೆ ನೋಡಿದೆ. ಅವನು ಅವಲಕ್ಕಿಯಲ್ಲಿ ಶೇಂಗಾ ಹುಡುಕುತ್ತಿದ್ದ. ಆಕೆಯ ಗಂಡ, ಸ್ವಭಾವತಃ ಸಾಧು ಮನುಷ್ಯ, "ಬಿಡ, ಸಣ್ಣ ಹುಡುಗಿ ಅದು" ಎಂದು ಎದ್ದು ಟ್ರೇನ್ ಹಿಡಿಯಲು ಹೊರಟುಹೋದರು.

ಅಂದೇ ಲೋಟ ಬೇರೆಯಾಯಿತು, ತಟ್ಟೆ ಬೇರೆಯಾಯಿತು, ನನ್ನ ಟವೆಲ್ ಬಾತ್‌ರೂಮಿನಿಂದ ಬಾಲ್ಕನಿಗೆ ಬಂತು. ಸಂಜೆ ಆಕೆ ಸುಣ್ಣ, ಅರಿಶಿನ ಕಲಸಿಕೊಂಡು ಬಂದಳು. ಊರಿನಿಂದ ಬಂದುಹೋಗಿದ್ದ, ಎಲೆ ಅಡಿಕೆ ಹಾಕುವ ತನ್ನ ಮಾವನಿಗೆಂದು ತರಿಸಿಟ್ಟಿದ್ದ ಡಬ್ಬಿಯ ಸುಣ್ಣ ಅದು. ನಾನು ಬೇಡವೆಂದೆ. "ಬೇರು ಸುಟ್ಟು ಹೋಗ್ತದ, ಸುಮ್ಮನ ಕೂಡು" ಎಂದು ಗದ್ದ ಹಿಡಿದು ಬೆರಳಿನಿಂದ ತಿಕ್ಕಿದಳು. ಬೆರಳಿಗೆ ಮಾತ್ರ ಪ್ಲಾಸ್ಟಿಕ್ ಸುತ್ತಿಕೊಂಡಿದ್ದಳು. ಗುಳ್ಳೆ ಒಡೆಯಿತು, ತುಟಿ ಸುಟ್ಟಿತು. ಎರಡು ದಿನದಲ್ಲಿ ಕೆಳತುಟಿ ಊದಿ ಗದ್ದದ ಮೇಲೆ ಇಳಿಬಿತ್ತು. ನೀರು ಕುಡಿದರೆ ಕಣ್ಣಲ್ಲಿ ನೀರು.

ಆಗ, ಅಕ್ಕ ಕೆಲಸಕ್ಕೆ ಹೋದ ಮೇಲೆ, ಗಂಡ ನನ್ನನ್ನು ಹತ್ತಿರದ ಜಿಪಿ ಕ್ಲಿನಿಕ್ಕಿಗೆ ಕರೆದೊಯ್ದ. ಶ್ರೀಲಂಕಾ ಕಡೆಯ ವಯಸ್ಸಾದ ಡಾಕ್ಟರು. ನನ್ನ ತುಟಿ ನೋಡಿ ಮೊದಲು ಕೇಳಿದ್ದೇ, ಇದಕ್ಕೆ ಏನು ಹಚ್ಚಿದಿರಿ ಎಂದು. ಸುಣ್ಣ ಎಂದೆ. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. ಇದು ವೈರಸ್ಸು. ಬಹಳ ಜನರಿಗೆ ಚಿಕ್ಕಂದಿನಲ್ಲೇ ಅಪ್ಪನೋ ಅಮ್ಮನೋ ಅಜ್ಜಿಯೋ ಮುದ್ದು ಮಾಡುವಾಗ ಅಂಟಿರುತ್ತದೆ. ಒಮ್ಮೆ ಒಳಗೆ ಸೇರಿದರೆ ನರದಲ್ಲಿ ಮಲಗಿರುತ್ತದೆ, ಬಿಸಿಲು, ಜ್ವರ, ನಿದ್ದೆಗೇಡು, ಚಿಂತೆ ಬಂದಾಗ ಏಳುತ್ತದೆ. ಬೇರು ಕೀಳಲು ಔಷಧಿಯಿಲ್ಲ, ಬೇಗ ಒಣಗಿಸಲು ಇದೆ. ಜುಮುಜುಮು ಎಂದ ಕೂಡಲೇ ಕ್ರೀಮ್ ಹಚ್ಚಬೇಕು, ಗುಳ್ಳೆ ಎದ್ದ ಮೇಲೆ ಹಚ್ಚಿದರೆ ಅಷ್ಟು ಪ್ರಯೋಜನವಿಲ್ಲ. ಚಿವುಟಬಾರದು, ಒಣಗಿದ ಹಕ್ಕಳೆ ಕೀಳಬಾರದು, ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕಣ್ಣಿಗೆ ಒಯ್ಯಬಾರದು. ಊತಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್. ಹೊರಗೆ ಹೋಗುವಾಗ ತುಟಿಗೆ ಸನ್‌ಸ್ಕ್ರೀನ್ ಇರುವ ಬಾಮ್. ಗುಳ್ಳೆ ಇರುವಷ್ಟು ದಿನ ಲೋಟ, ಟವೆಲ್ ಹಂಚಿಕೊಳ್ಳಬೇಡಿ, ಯಾರಿಗೂ ಮುತ್ತು ಕೊಡಬೇಡಿ. ವಾರ ಹತ್ತು ದಿನದಲ್ಲಿ ಹೋಗುತ್ತದೆ.

ಹೊರಡುವಾಗ ಕೇಳಿದರು: "ಮನೆಯಲ್ಲಿ ಎಳೆಗೂಸು ಇದೆಯೇ?" ಇಲ್ಲವೆಂದೆವು. "ಒಳ್ಳೆಯದು. ಇದ್ದರೆ ಹತ್ತಿರ ಹೋಗಬೇಡಿ. ದೊಡ್ಡವರಿಗೆ ಇದು ಬರೀ ಕಿರಿಕಿರಿ, ಹಸುಗೂಸಿನ ಪ್ರಾಣಕ್ಕೇ ಕುತ್ತು ತರಬಹುದು."

ಗಂಡ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ. ಮನೆಗೆ ಬಂದು ಅಕ್ಕನ ಮುಂದೆ ಒಂದೇ ಒಂದು ಮಾತೂ ಆಡಲಿಲ್ಲ. ನಾನೇ ಹೇಳಿದೆ. ಆಕೆ ನಕ್ಕಳು.

"ಡಾಕ್ಟರ್ ಮಂದಿ ಮಾನಾ ಉಳಸ್ಲಿಕ್ಕೆ ಹಂಗ ಹೇಳ್ತಾರ."

ಗುಳ್ಳೆ ಹೋಯಿತು, ಮಾತು ಹೋಗಲಿಲ್ಲ. ಯುಗಾದಿಗೆ ಪ್ಯಾರಮಾಟಾ ಕಡೆ ಒಂದು ಹಾಲ್‌ನಲ್ಲಿ ಕನ್ನಡದವರು ಸೇರಿದ್ದರು. ಎಲ್ಲರೂ ಒಂದೊಂದು ಅಡುಗೆ ಮಾಡಿ ತಂದಿದ್ದೆವು. ಬಡಿಸಲು ನಾನು ಚಿತ್ರಾನ್ನದ ಸೌಟು ಹಿಡಿದೆ. ಬೆಂಗಳೂರಿನ ಒಬ್ಬ ಆಂಟಿ ಬಂದು ಸೌಟನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು. "ನೀವು ಕೂತ್ಕೊಳಿ ಪರವಾಗಿಲ್ಲ. ನಿಮಗೆ ಅದೇನೋ ಸ್ಕಿನ್ ಪ್ರಾಬ್ಲಮ್ ಅಂತೆ, ನಿಮ್ಮ ಅತ್ತಿಗೆ ಹೇಳ್ತಿದ್ರು." ನನ್ನ ತುಟಿಯಲ್ಲಿ ಆಗ ಒಂದು ಚುಕ್ಕೆಯೂ ಇರಲಿಲ್ಲ. ಹಾಲ್‌ನ ಆ ಕಡೆ ಗಂಡನ ಅಕ್ಕ ರೇಷ್ಮೆ ಸೀರೆಯಲ್ಲಿ ನಗುನಗುತ್ತಾ ಒಬ್ಬಟ್ಟು ಬಡಿಸುತ್ತಿದ್ದಳು.

ಮುಂದಿನ ವರ್ಷ ಗಂಡನಿಗೆ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸ ಸಿಕ್ಕಿತು. ಗ್ಲೆನ್ ವೇವರ್ಲಿಯಲ್ಲಿ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಹಳೆಯ ಇಟ್ಟಿಗೆ ಮನೆ ಹಿಡಿದೆವು. ಸಿಡ್ನಿ ಬಿಟ್ಟ ದಿನ ಆ ನಗ್ಗಿದ ಲೋಟವನ್ನು ಕಸದ ಬುಟ್ಟಿಗೆ ಎಸೆದೆ. ಆಕೆ ನೋಡಿದಳು. ನೋಡಲೆಂದೇ ಎಸೆದಿದ್ದೆ.

ಮೆಲ್ಬರ್ನಿನಲ್ಲೂ ಗುಳ್ಳೆ ಬರುತ್ತಿತ್ತು. ಆದರೆ ಈಗ ನಾನು ಅದಕ್ಕೆ ಸಿದ್ಧಳಾಗಿರುತ್ತಿದ್ದೆ. ಕ್ರೀಮಿನ ಪುಟ್ಟ ಟ್ಯೂಬ್ ಒಂದು ಕೈಚೀಲದಲ್ಲಿ, ಒಂದು ಬಾತ್‌ರೂಮಿನಲ್ಲಿ. ತುಟಿ ಚುರ್ ಎಂದರೆ ಸಾಕು, ಎಲ್ಲಿದ್ದರೂ ಹಚ್ಚಿ ಕೈ ತೊಳೆಯುತ್ತಿದ್ದೆ. ಕೆಲವು ಸಲ ಗುಳ್ಳೆ ಏಳುವ ಮೊದಲೇ ಅಡಗುತ್ತಿತ್ತು, ಕೆಲವು ಸಲ ಎದ್ದರೂ ಬೇಗ ಒಣಗುತ್ತಿತ್ತು. ಆ ಮನೆಯಲ್ಲಿ ನನ್ನ ಲೋಟವೂ ಗಂಡನ ಲೋಟವೂ ಒಂದೇ ಕಪಾಟಿನಲ್ಲಿದ್ದವು. ಅಷ್ಟಕ್ಕೇ ನನಗೆ ನೆಮ್ಮದಿ ಎನಿಸುತ್ತಿತ್ತು ಎಂದರೆ ಹಿಂದಿನ ವರ್ಷ ಹೇಗಿತ್ತೆಂದು ಊಹಿಸಬಹುದು.

ಮಗಳು ಹುಟ್ಟಿದಳು. ಮನೆಗೆ ಬಂದು ಕೂಸನ್ನು ನೋಡುವ ನರ್ಸ್ ನನ್ನ ಗುಳ್ಳೆಯ ವಿಷಯ ಕೇಳಿ, ಸಿಡ್ನಿಯ ಡಾಕ್ಟರ್ ಹೇಳಿದ್ದನ್ನೇ ಇನ್ನಷ್ಟು ಬಿಗಿಯಾಗಿ ಹೇಳಿದಳು: ತುಟಿಯ ಮೇಲೆ ಗುಳ್ಳೆ ಇರುವ ಯಾರನ್ನೂ ಕೂಸಿನ ಮುಖದ ಹತ್ತಿರ ಬಿಡಬೇಡ, ಅಜ್ಜಿಯಾದರೂ ಸರಿ. ನಾನು ದಿನಕ್ಕೆ ಎಷ್ಟು ಸಲ ಕನ್ನಡಿ ನೋಡಿಕೊಳ್ಳುತ್ತಿದ್ದೆನೋ. ಪುಣ್ಯಕ್ಕೆ ಆ ತಿಂಗಳು ನನ್ನ ತುಟಿ ತಣ್ಣಗಿತ್ತು.

ತೊಟ್ಟಿಲಿಗೆ ಹಾಕುವ ಶಾಸ್ತ್ರ ಇಟ್ಟುಕೊಂಡೆವು. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಗಂಡನ ಅಕ್ಕನನ್ನು ಕರೆಯದೆ ವಿಧಿಯಿರಲಿಲ್ಲ. ಆಕೆ ತನ್ನ ಗಂಡನ ಜೊತೆ ಬೆಳಗಿನ ವಿಮಾನದಲ್ಲಿ ಬಂದಿಳಿದಳು. ಹುಬ್ಬಳ್ಳಿ, ಬೆಳಗಾವಿ ಕಡೆಯ ಮೂರ್ನಾಲ್ಕು ಕುಟುಂಬಗಳು ಬಂದಿದ್ದವು. ಗುಗ್ಗರಿ ಬೇಯಿಸಿಟ್ಟಿದ್ದೆ. ಬಾಡಿಗೆಗೆ ತಂದ ಮರದ ತೊಟ್ಟಿಲಿಗೆ ಸೀರೆ ಸುತ್ತಿದ್ದೆವು.

ಆಕೆ ಮೆರೂನ್ ಬಣ್ಣದ ಲಿಪ್‌ಸ್ಟಿಕ್ ಹಚ್ಚಿದ್ದಳು, ದಪ್ಪಗೆ. ಮೇಲ್ತುಟಿಯ ಎಡಗಡೆ ಇನ್ನೂ ದಪ್ಪಗೆ. ನಗುವಾಗ ಆ ಕಡೆ ತುಟಿ ಏಳುತ್ತಿರಲಿಲ್ಲ. ಆ ಬಗೆಯ ನಗು ನನಗೆ ಗೊತ್ತು, ಒಡೆದ ತುಟಿ ಇದ್ದವರು ಹಾಗೆಯೇ ನಗುವುದು. ಆಕೆ ಚಹಾ ಕುಡಿದು ಕಪ್ ಕೆಳಗಿಟ್ಟಾಗ ಬಣ್ಣ ಕಪ್ಪಿಗೆ ಹತ್ತಿ, ಅಡಿಯಲ್ಲಿದ್ದ ಹಳದಿ ಹಕ್ಕಳೆ ಕಾಣಿಸಿತು.

ಅಷ್ಟರಲ್ಲಿ ಯಾರೋ ಕೂಸನ್ನು ಆಕೆಯ ಕೈಗೆ ಕೊಟ್ಟರು. ಆಕೆ ಮುಖ ಬಗ್ಗಿಸಿದಳು. ನಾನು ಗುಗ್ಗರಿಯ ಪಾತ್ರೆಯನ್ನು ಅಲ್ಲೇ ಕುಕ್ಕಿ ಓಡಿದೆ. ಆಕೆಯ ಬಾಯಿಗೂ ಮಗಳ ಕೆನ್ನೆಗೂ ನಡುವೆ ಕೈ ಅಡ್ಡ ಹಿಡಿದೆ. ಆಕೆಯ ಲಿಪ್‌ಸ್ಟಿಕ್ ನನ್ನ ಅಂಗೈಗೆ ಹತ್ತಿತು.

"ಏನ ಇದು?" ಆಕೆ ಚೀರಿದಳು.

"ನಿಮ್ಮ ತುಟಿಗೇನಾಗ್ಯದ ಅಕ್ಕಾ?"

"ಏನಾಗ್ಯದ? ವಿಮಾನದಾಗಿನ ಏಸಿಗೆ ಒಡದದ."

ಆಗ ಆಕೆಯ ಗಂಡ ಜಗಳ ತಪ್ಪಿಸಲೆಂದೇ ಬಾಯಿ ಹಾಕಿದರು. "ಅಂಜಬ್ಯಾಡವಾ. ಅದು ಆಕಿಗೆ ಯಾವಾಗ್ಲೂ ಬರ್ತದ, ಕಾಲೇಜಿಗೆ ಹೋಗೂವಾಗಿಂದ. ಕ್ರೀಮ್ ಹಚ್ಯಾಳ. ಸಿಡ್ನಿಗೆ ಬಂದಾಗಿಂದ ಪರ್ಸಿನ್ಯಾಗ ಇಟ್ಕೊಂಡ ಅಡ್ಡಾಡ್ತಾಳ."

ನಾನು ಕೂಸನ್ನು ಆಕೆಯ ಕೈಯಿಂದ ತೆಗೆದುಕೊಂಡು ಎದೆಗೆ ಒತ್ತಿಕೊಂಡೆ.

"ಕ್ರೀಮ್ ಇತ್ತು ನಿಮ್ಮ ಹತ್ರ," ಎಂದೆ. "ಆ ದಿನಾನೂ ಇತ್ತು. ನಿಮ್ಮ ತುಟಿಗೆ ಕ್ರೀಮು, ನನ್ನ ತುಟಿಗೆ ಸುಣ್ಣಾ."

"ಎಲ್ಲಾರ ಮುಂದ ಮಾತಾಡಬ್ಯಾಡ."

"ಪ್ಯಾರಮಾಟಾದಾಗ ಎಲ್ಲಾರ ಮುಂದ ಯಾರು ಮಾತಾಡಿದ್ದು?"

ಆಕೆಯ ಮುಖದ ಬಣ್ಣ ಹೋಯಿತು. ಆದರೆ ಸೋಲುವ ಹೆಂಗಸಲ್ಲ. "ನನಗ ಬಂದಾಗ ನಮ್ಮ ಅತ್ತಿ ನನ್ನ ಬಚ್ಚಲಮನಿ ಬಾಗಲದಾಗ ಊಟಕ್ಕ ಕೂಡಿಸ್ತಿದ್ರು," ಎಂದಳು, ಹಲ್ಲು ಕಚ್ಚಿ. "ನಾ ನಿನಗ ಲೋಟಾ ಅಷ್ಟ ಬ್ಯಾರೆ ಇಟ್ಟಿದ್ದೆ. ಉಪಕಾರ ಅನ್ನು."

ಬೇರೆ ಯಾರಾದರೂ ಈ ಮಾತಿಗೆ ಕರಗುತ್ತಿದ್ದರೇನೋ. ಒಬ್ಬ ಹುಡುಗಿ ಬಚ್ಚಲಿನ ಬಾಗಿಲಲ್ಲಿ ಕೂತು ಉಣ್ಣುವ ಚಿತ್ರ ನನ್ನ ಕಣ್ಣ ಮುಂದೆಯೂ ಬಂತು. ಆದರೆ ಅದರ ಪಕ್ಕದಲ್ಲೇ ಪ್ಲಾಸ್ಟಿಕ್ ಸುತ್ತಿದ ಆ ಬೆರಳೂ ಬಂತು. ಅದೆಷ್ಟು ಉರಿಯುತ್ತದೆಂದು ಗೊತ್ತಿದ್ದೂ ತಿಕ್ಕಿದ ಬೆರಳು. ನನ್ನಲ್ಲಿ ಏನೂ ಕರಗಲಿಲ್ಲ.

"ಹೆಸರು ನಾನ ಹೇಳ್ತೀನಿ," ಎಂದೆ. ತೊಟ್ಟಿಲ ಹತ್ತಿರ ಹೋಗಿ ಮಗಳ ಕಿವಿಯಲ್ಲಿ ಹೇಳಿದೆ. ಬೆಳಗಾವಿಯ ಹಿರಿಯ ಹೆಂಗಸೊಬ್ಬರು ಗಂಟಲು ಸರಿಮಾಡಿಕೊಂಡು ಜೋಗುಳ ಶುರು ಮಾಡಿದರು. ಒಂದಿಬ್ಬರು ದನಿ ಸೇರಿಸಿದರು. ಆಕೆ ಊಟ ಮಾಡದೆ ಹೊರಗೆ ಕಾರಿನಲ್ಲಿ ಹೋಗಿ ಕುಳಿತಳು. ಮಧ್ಯಾಹ್ನವೇ ಗಂಡಹೆಂಡತಿ ಏರ್‌ಪೋರ್ಟಿಗೆ ಹೊರಟರು.

ಮನೆ ಖಾಲಿಯಾದ ಮೇಲೆ ನನ್ನ ಗಂಡ ಹೇಳಿದ: "ಸ್ವಲ್ಪ ಸಮಾಧಾನದಿಂದ ಹೇಳಬಹುದಿತ್ತು."

"ನೀವು ಹೇಳಬಹುದಿತ್ತು," ಎಂದೆ. "ಡಾಕ್ಟರು ಹೇಳಿದ್ದು ನಿಮ್ಮ ಕಿವಿಗೂ ಬಿದ್ದಿತ್ತು."

ಅವನು ಅಕ್ಕ ಕುಡಿದ ಕಪ್ಪನ್ನು ಎತ್ತಿಕೊಂಡು ಹೋಗಿ ಬಿಸಿನೀರಿನಲ್ಲಿ ಬಹಳ ಹೊತ್ತು ತೊಳೆದ. ಅವನು ನನ್ನ ಪರ ನಿಂತದ್ದು ಅಷ್ಟೇ, ಸಿಂಕಿನ ಮುಂದೆ, ನನಗೆ ಬೆನ್ನು ಹಾಕಿ.

ಮರುದಿನ ಕೂಸನ್ನು ಡಾಕ್ಟರಿಗೆ ತೋರಿಸಿದೆವು. ತುಟಿ ತಾಗಿಲ್ಲ ಎಂದು ನಾನು ಹೇಳಿದರೂ ಎಚ್ಚರಿಕೆಯಿಂದ ನೋಡಿಕೊಳ್ಳಿ ಎಂದರು: ಜ್ವರ, ಹಾಲು ಕುಡಿಯದಿರುವುದು, ಮಂಕಾಗಿ ಮಲಗುವುದು, ಮೈಮೇಲೆ ಗುಳ್ಳೆ, ಯಾವುದು ಕಂಡರೂ ನೇರ ಆಸ್ಪತ್ರೆಗೆ. ಆ ಎರಡು ಮೂರು ವಾರ ನಾನು ಕೂಸಿನ ಮೈಯನ್ನು ನೋಡಿದಷ್ಟು ಇನ್ನೇನನ್ನೂ ನೋಡಿಲ್ಲ. ಕೂಸು ನಿದ್ದೆ ಸ್ವಲ್ಪ ಹೆಚ್ಚು ಮಾಡಿದರೂ ಎಬ್ಬಿಸಿ ಹಾಲು ಕುಡಿಸಿ ನೋಡುತ್ತಿದ್ದೆ. ಊರಿನಿಂದ ಅತ್ತೆ ಫೋನ್ ಮಾಡಿ, ಮಗಳ ಮಾನ ಕಳೆದೆಯಲ್ಲ, ಮೊಮ್ಮಗಳ ಶಾಸ್ತ್ರ ಕೆಡಿಸಿದೆಯಲ್ಲ ಎಂದು ಅತ್ತರು. ನಾನು ರಿಸೀವರನ್ನು ಗಂಡನ ಕೈಗೆ ಕೊಟ್ಟು ಎದ್ದುಹೋದೆ. ಮಗಳಿಗೆ ಏನೂ ಆಗಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಸಿಡ್ನಿಯಿಂದ ಫೋನ್ ಬಂತು. ಗಂಡ ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿದ್ದ, ನಾನೇ ಎತ್ತಿದೆ. ಆ ಕಡೆ ಆಕೆ.

"ಕೂಸು ಆರಾಮ ಅದ ಏನು?"

"ಆರಾಮ ಅದ."

"ಹಾಲು ಕುಡೀತದ?"

"ಕುಡೀತದ."

ಇನ್ನೇನೋ ಹೇಳಲು ಆಕೆ ಉಸಿರೆಳೆದುಕೊಂಡದ್ದು ಕೇಳಿಸಿತು. ನಾನು ಕಾಯಲಿಲ್ಲ, ಫೋನ್ ಇಟ್ಟೆ. ಕಿಟಕಿ ತೆಗೆದು, ಸಿಡ್ನಿಯಿಂದ ಫೋನ್ ಬಂದಿತ್ತು, ಬೇಕಿದ್ದರೆ ನೀವೇ ತಿರುಗಿ ಮಾಡಿ ಎಂದು ಗಂಡನಿಗೆ ಕೂಗಿ ಹೇಳಿದೆ.