ಹರಿವಾಣದಲ್ಲಿ ಕಾಕನ ಬದಿ

ಎರಡು ತಿಂಗಳ ಹಿಂದೆ ಸೌದಿಯ ದಹ್ರಾನಿನಲ್ಲಿ ಕೆಲಸಗಾರರ ಒಂದು ಕ್ಯಾಂಪಿನಲ್ಲಿ ಹಳೆಯ ಅಡುಗೆಮನೆಯ ಹೊಗೆ ಹೋಗುವ ಡಕ್ಟ್ ಬಿಚ್ಚುವ ಕೆಲಸ ಬಂತು. ಹದಿನೈದು ಇಪ್ಪತ್ತು ವರ್ಷದ ಜಿಡ್ಡು. ಮೂರನೇ ತುಂಡಿನ ಸ್ಕ್ರೂ ತೆಗೆದು ತಗಡನ್ನು ಸರಿಸಿದಾಗ ಮುಖಕ್ಕೆ ಒಂದು ವಾಸನೆ ಹೊಡೆಯಿತು. ಕೊಬ್ಬಿನದ್ದಲ್ಲ, ಮಸಾಲೆಯದ್ದೂ ಅಲ್ಲ. ಇಲ್ಲಿನವರು ನಿಂಬೆಯನ್ನು ಉಪ್ಪುನೀರಿನಲ್ಲಿ ಕುದಿಸಿ, ಕಪ್ಪಾಗುವವರೆಗೆ ಬಿಸಿಲಿನಲ್ಲಿ ಒಣಗಿಸಿ ಅಡುಗೆಗೆ ಹಾಕುತ್ತಾರೆ. ಆ ಒಣನಿಂಬೆಯ ವಾಸನೆ. ಕಹಿ, ಹುಳಿ, ಸ್ವಲ್ಪ ಸುಟ್ಟ ಹಾಗೆ… ಏಣಿಯ ಮೇಲೆ ಹಾಗೇ ನಿಂತುಬಿಟ್ಟೆ. ಕೆಳಗಿದ್ದವನು ಕೈ ಎತ್ತಿಕೊಂಡು, "ಉಸ್ತಾದ್, ಕೊಡಿ" ಎಂದು ಎರಡು ಸಲ ಹೇಳಿದ ಮೇಲೆ ತಗಡು ಕೊಟ್ಟೆ.

ಕಾಕ ನೆನಪಾಗಿದ್ದರು.

ಕಾಕ ನಮ್ಮ ಗಾಡಿಯ ಡ್ರೈವರ್. ಮಂಗಳೂರಿನ ಆಚೆ, ಹೊಳೆ ಬದಿಯ ಊರಿನ ಬ್ಯಾರಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಎ.ಸಿ. ಡಕ್ಟ್ ಕೂರಿಸುವ ನಮ್ಮ ಗ್ಯಾಂಗಿನಲ್ಲಿ ನಾಲ್ಕೇ ಜನ: ಕಾಕ, ನಾನು, ಒಬ್ಬ ಬಿಹಾರಿ, ಒಬ್ಬ ನೇಪಾಳಿ. ಕಂಪನಿ ಎಲ್ಲಿ ಕೆಲಸ ಹಿಡಿಯುತ್ತದೋ ಅಲ್ಲಿಗೆ ಸಾಮಾನು ಸಮೇತ ಹೋಗುವುದು. ಒಮ್ಮೆ ಖತೀಫ್, ಒಮ್ಮೆ ಹಸಾ ಕಡೆ, ಒಮ್ಮೆ ಇಡೀ ಹಗಲಿನ ದಾರಿಯ ಬುರೈದಾ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ನಾನು ಕೂರಿಸಿದ ಡಕ್ಟಿನ ಜೋಡಣೆಯಲ್ಲಿ ಗಾಳಿ ಸೋರುತ್ತದೆ ಎಂದು ಇವತ್ತಿನವರೆಗೆ ಯಾವ ಇಂಜಿನಿಯರೂ ಹೇಳಿದ್ದಿಲ್ಲ. ಯಾರ ಹಂಗಿನಲ್ಲೂ ಬದುಕಿದವನಲ್ಲ. ಹಾಗಾಗಿ ಬಂದ ಹೊಸತರಲ್ಲಿ ಹೊರಗೆ ಎಲ್ಲಿಯೂ ತಿನ್ನುತ್ತಿರಲಿಲ್ಲ. ರೂಮಿನಲ್ಲಿ ಗಂಜಿ, ಉಪ್ಪಿನಕಾಯಿ, ಶುಕ್ರವಾರ ಒಂದು ಮೀನು. ಕಾಕ ಅದನ್ನು ಸ್ವಲ್ಪ ದಿನ ನೋಡಿ, ಒಂದು ದಿನ ಗಾಡಿ ಓಡಿಸುತ್ತಲೇ ಶುರು ಮಾಡಿದರು.

"ಊರಿಗೆ ಹೋದಾಗ ಸೌದಿ ಹೇಗುಂಟು ಅಂತ ಕೇಳಿದ್ರೆ ಎಂತ ಹೇಳ್ತೀಯ ಮಾರಾಯ?"

"ಬಿಸಿಲು ಅಂತ ಹೇಳ್ತೇನೆ."

"ಬಿಸಿಲು ಊರಲ್ಲಿ ಇಲ್ವಾ? ಅದಕ್ಕೆ ಪಾಸ್‌ಪೋರ್ಟ್ ಯಾಕೆ ಮಾಡಿಸಿದ್ದು?"

ಆ ಶುಕ್ರವಾರ ಅವರ ಜೊತೆ ಹೋದೆ. ಆಮೇಲೆ ಪ್ರತಿ ಶುಕ್ರವಾರ ಹೋದೆ.

ಹೊಸ ಊರಿಗೆ ಹೋದರೆ ಊಟದ ಜಾಗ ಹುಡುಕುವುದಕ್ಕೆ ಕಾಕನದ್ದೇ ಒಂದು ಕ್ರಮವಿತ್ತು. ಬೋರ್ಡು ಓದುತ್ತಿರಲಿಲ್ಲ. ಗೋಡೆಯ ಮೇಲೆ ಊಟದ ಬಣ್ಣಬಣ್ಣದ ಚಿತ್ರ ಇದ್ದರೆ ಗಾಡಿಯನ್ನು ನಿಧಾನ ಕೂಡ ಮಾಡುತ್ತಿರಲಿಲ್ಲ. ನೀರಿನ ಟ್ಯಾಂಕರು, ಮಣ್ಣು ಮೆತ್ತಿದ ತೋಟದ ಪಿಕಪ್ಪು ಎಲ್ಲಿ ನಿಂತಿವೆ ನೋಡುವುದು. ಪಂಕ್ಚರ್ ಅಂಗಡಿಯವನ ಹತ್ತಿರ, ನಿನ್ನ ಸೇಟು ಎಲ್ಲಿ ತಿನ್ನುತ್ತಾನೆ ಎಂದು ಕೇಳುವುದು. ಒಳಗೆ ಹೋದ ಮೇಲೆ ಒಂದೇ ಪ್ರಶ್ನೆ: ಈ ಊರಿನದ್ದು ಏನಿದೆ? ಖತೀಫಿಗೆ ಹೋದರೆ ಖರ್ಜೂರದ ಪಾಕದಲ್ಲಿ ಬೇಯಿಸಿದ ಕಂದು ಅನ್ನ, ಜೊತೆಗೆ ಹುರಿದ ಸಾಫಿ ಮೀನು. ಹಸಾದಲ್ಲಿ ಅಲ್ಲಿನ ಕೆಂಪಕ್ಕಿ. ಬುರೈದಾದಲ್ಲಿ ಖರ್ಜೂರ ತುಂಬಿದ, ಏಲಕ್ಕಿ ಪರಿಮಳದ ಕ್ಲೀಜಾ ಎಂಬ ರೊಟ್ಟಿ. ಒಂದು ಊರಿನದ್ದನ್ನು ಇನ್ನೊಂದು ಊರಿನಲ್ಲಿ ಕೇಳಿದರೆ ಕಾಕನಿಗೆ ಸಿಟ್ಟು ಬರುತ್ತಿತ್ತು. ನಾನು ದನದ ಮಾಂಸ ತಿನ್ನುವುದಿಲ್ಲವೆಂದು ಕೂರುವ ಮೊದಲು ತಾವೇ ಒಳಗೆ ಹೋಗಿ, ಪಾತ್ರೆಯ ಮುಚ್ಚಳ ತೆಗೆಸಿ ನೋಡಿ ಬರುತ್ತಿದ್ದರು. "ಆಡು. ಕೂತ್ಕೋ." ಅಷ್ಟೇ ಮಾತು.

ಅಂಥ ಕಡೆ ನಾಲ್ಕು ಜನಕ್ಕೆ ಒಂದೇ ದೊಡ್ಡ ಹರಿವಾಣ. ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ನಡುವೆ ಇಡುತ್ತಾರೆ. ಸುತ್ತ ಕೂತು ಅವರವರ ಬದಿಯಿಂದ ತಿನ್ನಬೇಕು. ಮಾಂಸ ನಡುವಿನಲ್ಲಿ ಇರುತ್ತದೆ. ದೊಡ್ಡವರು ಅದನ್ನು ಬಿಡಿಸಿ, ಒಳ್ಳೆಯ ತುಂಡನ್ನು ತಾವು ಕರೆತಂದವನ ಬದಿಗೆ ತಳ್ಳುವುದು ಇಲ್ಲಿನ ಮರ್ಯಾದೆ. ಕಾಕ ಇಲ್ಲೇ ಮುದುಕರಾದವರು. ಅವರಿಗೂ ಅದೇ ಅಭ್ಯಾಸ. ಪ್ರತಿ ಸಲ ನನ್ನ ಬದಿಗೆ ಒಂದು ತುಂಡು ಬರುತ್ತಿತ್ತು.

ಬುರೈದಾದಲ್ಲಿ ದೊಡ್ಡದೊಂದು ಕಟ್ಟಡದ ಕೆಲಸ ಸಿಕ್ಕಿದ ವರ್ಷ ಕಾಕ ಹುಡುಕುವ ಜಾಗಗಳು ಬದಲಾದವು. ಮೊದಲೆಲ್ಲ ಕೆಂಡದ ಮೇಲೆ ಸುಟ್ಟದ್ದು, ಎಲುಬು ಕಡಿಯುವಂಥದ್ದು. ಈಗ ಬರೀ ಮೆತ್ತಗಿನದ್ದು. ಜರೀಶ್ ಎಂದು ಒಂದಿದೆ. ಒಡೆದ ಗೋಧಿಯನ್ನು ಮಾಂಸದ ಜೊತೆ ಗಂಟೆಗಟ್ಟಲೆ ಬೇಯಿಸಿ ಗಂಜಿಯ ಹಾಗೆ ಮಾಡಿ, ಮೇಲೆ ಹುರಿದ ಈರುಳ್ಳಿ, ಒಣನಿಂಬೆಯ ಪುಡಿ ಹಾಕುವುದು. ಬುರೈದಾದಲ್ಲಿ ಅದು ಎಲ್ಲಿ ಚೆನ್ನಾಗಿರುತ್ತದೆ ಎಂದು ಕಾಕ ಊರೆಲ್ಲ ಸುತ್ತಿಸಿದರು.

"ಕಾಕನ ಹಲ್ಲು ಉದುರಿದೆ. ಇನ್ನು ತೊಟ್ಟಿಲು ತರುವುದೊಂದು ಬಾಕಿ" ಎಂದ ಬಿಹಾರಿ.

"ನಿನಗೆ ಮೊದಲು ಹೆಣ್ಣು ಸಿಗಲಿ, ತೊಟ್ಟಿಲು ಆಮೇಲೆ ನೋಡುವ" ಎಂದರು ಕಾಕ. ಎಲ್ಲರೂ ನಕ್ಕೆವು.

ನನ್ನ ಬದಿಗೆ ಬರುವ ತುಂಡುಗಳೂ ಹೆಚ್ಚಾದವು. ಒಂದಿದ್ದದ್ದು ಎರಡಾಯಿತು, ಮೂರಾಯಿತು. ಮೊದಲು ಮರ್ಯಾದೆ ಎಂದುಕೊಂಡೆ. ಆಮೇಲೆ ಅದು ನನಗೆ ಚುಚ್ಚತೊಡಗಿತು. ನನ್ನನ್ನು ಇಲ್ಲದವನು, ಹಸಿದವನು ಎಂದು ತಿಳಿದಿದ್ದಾರೋ ಏನೋ…

ಒಂದು ಶುಕ್ರವಾರ ಮಧ್ಯಾಹ್ನ ಉಳಿದಿಬ್ಬರು ಬಟ್ಟೆ ಒಗೆಯಲು ರೂಮಿನಲ್ಲೇ ಉಳಿದರು. ಖರ್ಜೂರದ ಮಾರುಕಟ್ಟೆಯ ಹಿಂದಿನ ಜಾಗಕ್ಕೆ ನಾವಿಬ್ಬರೇ ಹೋದೆವು. ಜರೀಶಿನ ಮೇಲೆ ಮಾಂಸದ ತುಂಡುಗಳನ್ನಿಟ್ಟ ಹರಿವಾಣ ಬಂತು. ಕಾಕ ಮಾಂಸವನ್ನೆಲ್ಲ ನನ್ನ ಬದಿಗೆ ತಳ್ಳಿದರು. ನನಗೆ ಸಿಟ್ಟು ಬಂತು.

"ಕಾಕ, ನಾನು ಭಿಕ್ಷೆ ತಿನ್ನುವವನಲ್ಲ. ನಿಮ್ಮ ಪಾಲು ನೀವೇ ತಿನ್ನಿ" ಎಂದೆ. ದೊಡ್ಡದೊಂದು ತುಂಡಿಗೆ ಈರುಳ್ಳಿ, ನಿಂಬೆಪುಡಿ ಹಚ್ಚಿ ಅವರ ಕೈಗೆ ಕೊಟ್ಟೆ. "ನನ್ನ ಕಣ್ಣೆದುರು ತಿನ್ನಿ."

ಕಾಕ ನನ್ನ ಮುಖ ನೋಡಿದರು. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಬಾಯಿಗೆ ಹಾಕಿಕೊಂಡರು. ಒಂದು ಸಲ ಅಗಿದರು, ಅಷ್ಟೇ. ಕಣ್ಣಿನಲ್ಲಿ ನೀರು ದಳದಳ ಇಳಿಯಿತು. ಎದ್ದು ಹೊರಗೆ ಗಾಡಿಯ ಹಿಂದೆ ಹೋದರು. ನಾನು ಹೋಗಿ ನೋಡಿದಾಗ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದರು. ಮರಳಿನ ಮೇಲೆ ಬಿದ್ದ ನೀರು ಕೆಂಪಗಿತ್ತು.

ಆ ಬಿಸಿಲಿನಲ್ಲೇ ಬಾಯಿ ತೆರೆದು ತೋರಿಸಿದರು. ನಾಲಿಗೆಯ ಎಡ ಅಂಚು ತುಕ್ಕು ತಿಂದ ತಗಡಿನ ಅಂಚಿನ ಹಾಗೆ ಹರಿದು, ಬಿಳಿಚಿಕೊಂಡಿತ್ತು. ಒಂದು ಕ್ಲಿನಿಕ್ಕಿನಲ್ಲಿ ತೋರಿಸಿ ಆಗಿತ್ತಂತೆ. ಬೇಗ ಊರಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಬೇಕು, ನಾಲಿಗೆಯ ಒಂದು ಭಾಗ ತೆಗೆಯಬೇಕಾಗುತ್ತದೆ, ಆಮೇಲೆ ಮಾತು ಎಷ್ಟು ಬರುತ್ತದೆ ಹೇಳಲಾಗದು ಎಂದಿದ್ದರಂತೆ ಡಾಕ್ಟರು.

"ಹಾಗಾದ್ರೆ ಹೋಗಿ ಕಾಕ. ಯಾಕೆ ಕೂತಿದ್ದೀರಿ?"

"ರಂಜಾನ್ ಕಳೆದ ಕೂಡಲೇ ಮಗಳ ಮದುವೆ ಉಂಟು. ಇನ್ನು ಮೂರೂವರೆ ತಿಂಗಳು. ನಿಕಾಹಿನಲ್ಲಿ ಮದುಮಗನ ಕೈ ಹಿಡ್ಕೊಂಡು, ನನ್ನ ಮಗಳನ್ನು ನಿನಗೆ ಮದುವೆ ಮಾಡಿ ಕೊಟ್ಟಿದ್ದೇನೆ ಅಂತ ಬಾಪ ಹೇಳ್ಬೇಕು. ಆ ಒಂದು ಮಾತಿಗೆ ನಾಲಿಗೆ ಬೇಕು ಮಾರಾಯ. ಮತ್ತೆ ಬುಡದಿಂದ ತೆಗೀಲಿ."

ಯಾರಿಗೂ ಹೇಳಬಾರದು ಎಂದರು. ಕಂಪನಿಗೆ ಗೊತ್ತಾದರೆ ಮಾರನೆಯ ದಿನವೇ ಊರಿಗೆ ಕಳಿಸುತ್ತಾರೆ. ಊರಿಗೆ ಹೋದರೆ ಮನೆಯವರು ಸೀದಾ ಆಸ್ಪತ್ರೆಗೆ ಸೇರಿಸುತ್ತಾರೆ. ನಾನು ಮಾತು ಕೊಟ್ಟೆ. ಕೊಟ್ಟ ಮಾತು ತಪ್ಪದವನು ಎಂಬ ಹೆಮ್ಮೆ ನನಗೆ ಮೊದಲಿನಿಂದ ಇತ್ತು. ಆಗ ಅದು ದೊಡ್ಡ ಗುಣ ಎಂದೇ ತಿಳಿದಿದ್ದೆ.

ಆ ಮೂರು ತಿಂಗಳು ತಿಂದಷ್ಟು ಒಳ್ಳೆಯ ಊಟವನ್ನು ನಾನು ಜೀವನದಲ್ಲಿ ಮತ್ತೆ ತಿಂದಿಲ್ಲ. ಬುರೈದಾದ ಕೆಲಸ ಮುಗಿದು ಖತೀಫ್ ಕಡೆಗೆ ಬಂದ ಮೇಲೂ ಕಾಕ ಶುಕ್ರವಾರದ ಸುತ್ತಾಟ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಬಿಹಾರಿಗೂ ನೇಪಾಳಿಗೂ ಅನುಮಾನ ಬರುತ್ತಿತ್ತು. ನಾನು ಅವರ ಎಡಕ್ಕೆ, ಮೊಣಕಾಲು ತಾಗುವ ಹಾಗೆ ಕೂರುತ್ತಿದ್ದೆ. ಅವರು ಅನ್ನದಲ್ಲಿ ಬೆರಳಾಡಿಸಿ, ಬರಿಗೈಯನ್ನು ಬಾಯಿಗೆ ಒಯ್ಯುತ್ತಿದ್ದರು. ನಾನು ನನ್ನ ಬದಿಯನ್ನು ತಿಂದು, ನಡುವಿನಿಂದ ಸ್ವಲ್ಪ ಸ್ವಲ್ಪ ಕೊರೆಯುತ್ತಾ ಅವರ ಬದಿಯನ್ನೂ ಮುಗಿಸುತ್ತಿದ್ದೆ. ಬೇರೆ ಬೇರೆ ತಟ್ಟೆಯಾಗಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದೆವು. ಒಂದೇ ಹರಿವಾಣದಲ್ಲಿ ಯಾರು ಎಷ್ಟು ತಿಂದರು ಎಂದು ಯಾರೂ ನೋಡುವುದಿಲ್ಲ. ಹೊಟ್ಟೆ ಬಿರಿಯುತ್ತಿತ್ತು. ಪಕ್ಕದಲ್ಲಿ ಹಸಿದು ಕೂತ ಮನುಷ್ಯನ ಮೊಣಕಾಲು ನನಗೆ ತಾಗುತ್ತಿತ್ತು. ಆದರೂ ರುಚಿ ರುಚಿಯೇ. ಅದರಲ್ಲಿ ಸುಳ್ಳು ಹೇಳಲಾರೆ.

ಉಳಿದಿಬ್ಬರನ್ನು ರೂಮಿಗೆ ಇಳಿಸಿದ ಮೇಲೆ ಕಾಕ ಕೇಳುತ್ತಿದ್ದರು. "ಹೇಗಿತ್ತು?"

ಮೀನಿನ ಚರ್ಮ ಗರಿಗರಿ ಇತ್ತು, ಅನ್ನ ಸಿಹಿ ಇದ್ದರೂ ಮುಖ ಹೊಡೆಯಲಿಲ್ಲ, ಕೊನೆಗೆ ಏಲಕ್ಕಿ ಸಿಕ್ಕಿತು ಎಂದು ಹೇಳುತ್ತಿದ್ದೆ. ಅವರು ಸ್ಟಿಯರಿಂಗಿನ ಮೇಲೆ ಕೈ ಇಟ್ಟುಕೊಂಡು ಕಿವಿಯಿಂದ ತಿನ್ನುತ್ತಿದ್ದರು. "ಕರಿಮೆಣಸು ಕಮ್ಮಿ ಮಾಡಿದ್ದಾನೆ ಅಲ್ವಾ?" ಎನ್ನುತ್ತಿದ್ದರು, ಅದು ಸರಿಯಾಗಿಯೂ ಇರುತ್ತಿತ್ತು. ಸಂಜೆ ಮಗಳಿಗೆ ಫೋನು ಮಾಡಿ ನಾನು ಹೇಳಿದ್ದನ್ನೇ ತಾವು ತಿಂದ ಹಾಗೆ ಹೇಳುತ್ತಿದ್ದರು. ಬ್ಯಾರಿ ಭಾಷೆ ನನಗೆ ಪೂರ್ತಿ ಬರುವುದಿಲ್ಲ, ಆದರೂ ಅಷ್ಟು ತಿಳಿಯುತ್ತಿತ್ತು. ಅವರ ಹೊಟ್ಟೆಗೆ ಹೋಗುತ್ತಿದ್ದದ್ದು ತಣ್ಣಗಿನ ಲಬನ್, ಅಂದರೆ ಇಲ್ಲಿನ ಮಜ್ಜಿಗೆ, ಮತ್ತೆ ಅದರಲ್ಲಿ ನೆನೆಸಿದ ರೊಟ್ಟಿಯ ಮೆತ್ತಗಿನ ಭಾಗ. "ಡ್ರೈವರ್ ಒಣಗಿದ, ಉಸ್ತಾದ್ ಊದಿದ" ಎಂದು ನೇಪಾಳಿ ತಮಾಷೆ ಮಾಡಿದಾಗ ನಾವಿಬ್ಬರೂ ಎಲ್ಲರಿಗಿಂತ ಜೋರಾಗಿ ನಕ್ಕೆವು.

ರಂಜಾನ್ ಬಂದಾಗ ಕಾಕನಿಗೆ ನೆಮ್ಮದಿಯಾಯಿತು. ಹಗಲಿಡೀ ಯಾಕೆ ತಿನ್ನುವುದಿಲ್ಲ ಎಂದು ಕೇಳುವವರಿರಲಿಲ್ಲ.

ಹಬ್ಬದ ಮೊದಲು ಕಾಕನಿಗೆ ರಜೆ ಸಿಕ್ಕಿತು. ದಮ್ಮಾಮ್ ಏರ್‌ಪೋರ್ಟಿನಲ್ಲಿ ನಾನು ಇಳಿಸಿದಾಗ ಅವರ ಮಾತು ದಪ್ಪವಾಗಿ ಉರುಳುತ್ತಿತ್ತು. ದಾರಿಯುದ್ದಕ್ಕೂ ಆ ಒಂದೇ ವಾಕ್ಯವನ್ನು ಬಾಯಿಯೊಳಗೆ ಹೇಳಿಕೊಳ್ಳುತ್ತಾ ಬಂದಿದ್ದರು. ಮದುವೆಯ ಸಂಜೆ ಫೋನು ಬಂತು.

"ಹೇಳಿದೆ ಮಾರಾಯ. ಒಂದಕ್ಷರ ಬಿಡದೆ ಹೇಳಿದೆ."

ಆ ಎರಡು ಮಾತು ನನಗೆ ಅರ್ಥವಾಗಬೇಕಾದರೆ ಮೂರು ಸಲ ಕೇಳಬೇಕಾಯಿತು.

ಆಸ್ಪತ್ರೆಗೆ ಹೋದಾಗ ಕಾಯಿಲೆ ಕುತ್ತಿಗೆಗೆ ಇಳಿದಿತ್ತು. ಮೂರು ತಿಂಗಳು ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರಂತೆ. ಮಳೆಗಾಲ ಮುಗಿಯುವ ಮೊದಲೇ ಕಾಕ ಹೋದರು. ನನಗೆ ರಜೆ ಸಿಗಲಿಲ್ಲ. ಮುಂದಿನ ವರ್ಷ ಊರಿಗೆ ಹೋದಾಗಲೂ ಅವರ ಮನೆಗೆ ಹೋಗಲಿಲ್ಲ. ಗೇಟಿನ ತನಕ ಹೋಗಿ ಬಂದೆ.

ಇದೆಲ್ಲ ಏಳು ವರ್ಷದ ಹಿಂದಿನ ಮಾತು. ಡಕ್ಟ್ ಬಿಚ್ಚಿದ ಎರಡು ವಾರಕ್ಕೆ ಕಾಕನ ಮಗಳು ಫೋನು ಮಾಡಿದಳು. ಗಂಡನ ಜೊತೆ ದಮ್ಮಾಮಿಗೆ ಬಂದಿದ್ದಾಳಂತೆ. ಬಾಪ ಹೇಳುತ್ತಿದ್ದ ಊಟದ ಜಾಗಗಳನ್ನು ತೋರಿಸಬೇಕಂತೆ. ಇಲ್ಲವೆನ್ನಲು ಆಗಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಗಂಡಹೆಂಡತಿ ಇಬ್ಬರನ್ನೂ ಖತೀಫಿನ ಮೀನಿನ ಹೋಟೆಲಿಗೆ ಕರೆದುಕೊಂಡು ಹೋದೆ. ಅನ್ನ ಬರುವ ಮೊದಲೇ ಅವಳಿಗೆ ಎಲ್ಲ ಗೊತ್ತಿತ್ತು.

"ಇದು ಸಿಹಿ ಇದ್ರೂ ಮುಖ ಹೊಡೆಯುದಿಲ್ಲ, ಅಲ್ವಾ ಅಣ್ಣ? ಕೊನೆಗೆ ಏಲಕ್ಕಿ ಸಿಗ್ತದೆ. ಬಾಪ ಹೇಳಿದ್ರು." ಬಾಯಿಗೆ ಒಂದು ತುತ್ತು ಇಟ್ಟು, ಹೌದು ಎಂದು ತಲೆ ಆಡಿಸಿದಳು. "ನನ್ನ ಮದುವೆಯ ಹತ್ತಿರ ಹತ್ತಿರ ತನಕ ಬಾಪ ಇಷ್ಟು ಚಂದ ತಿಂತಾ ಇದ್ರು ಅಂತ ಒಂದು ಸಮಾಧಾನ. ಕಾಯಿಲೆ ಆಮೇಲೆ ಒಮ್ಮೆಲೇ ಬಂತಲ್ಲ."

ಅವಳು ಹೇಳಿದ್ದು ನನ್ನ ಮಾತುಗಳು. ಗಾಡಿಯಲ್ಲಿ ಕೂತು ನಾನೇ ಹೇಳಿಕೊಟ್ಟವು. ಹೌದು ಎಂದು ಸುಮ್ಮನಿದ್ದರೆ ಊಟ ಮುಗಿಯುತ್ತಿತ್ತು. ಆಗಲಿಲ್ಲ. ಬುರೈದಾದಿಂದ ಏರ್‌ಪೋರ್ಟಿನ ತನಕ ಎಲ್ಲ ಹೇಳಿದೆ. ತಿಂದದ್ದು ನಾನು ಎಂದೆ. ನಿಕಾಹಿನ ಆ ಮಾತನ್ನು ಬಾಪನೇ ಹೇಳದಿದ್ದರೆ ನಿನ್ನ ಮದುವೆ ನಡೆಯುತ್ತಿರಲಿಲ್ಲ, ಅದಕ್ಕಾಗಿ ಸುಮ್ಮನಿದ್ದೆ ಎಂದೆ.

ಅವಳು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. ಕೈ ಒಣಗಿತು.

"ಯಾರು ಹೇಳಿದ್ದು ನಿಮಗೆ?" ಎಂದಳು. "ಬಾಪ ಒಪ್ಪಿಗೆ ಕೊಟ್ರೆ ಮಸೀದಿಯ ಖತೀಬರು ಹೇಳಿದ್ರೂ ಆಗ್ತದೆ. ನಮ್ಮ ಊರಲ್ಲಿ ಅರ್ಧ ಮದುವೆ ಹಾಗೇ ಆಗುದು." ಮತ್ತೆ ಅನ್ನವನ್ನು ಆಚೆ ಸರಿಸಿ, "ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ ಅಣ್ಣ. ಬಾಪ ಸುಮ್ನೆ ಕೂತಿದ್ರೂ ಸಾಕಿತ್ತು ನನಗೆ."

ಅವಳ ಗಂಡ ಅವಳನ್ನು ಎಬ್ಬಿಸಿಕೊಂಡು ಹೋದ. ಅನ್ನ ಹಾಗೇ ಇತ್ತು.

ಇವತ್ತಿಗೆ ಮೂರು ಶುಕ್ರವಾರ ಕಳೆಯಿತು. ಅವಳು ಫೋನು ಮಾಡಿಲ್ಲ. ಮಾಡು ಎಂದು ಕೇಳುವ ಮುಖ ನನಗಿಲ್ಲ. ಕೆಲಸಕ್ಕೆ ಹೋಗುತ್ತೇನೆ, ಬರುತ್ತೇನೆ. ಏಣಿಯ ಮೇಲೆ ನಿಂತಾಗೆಲ್ಲ ಅದೇ ತಲೆಯಲ್ಲಿ ಓಡುತ್ತದೆ. ಆ ಮಾತನ್ನು ಬಾಪನೇ ಹೇಳದಿದ್ದರೆ ಮದುವೆ ನಿಲ್ಲುತ್ತದೆ ಎಂದು ಕಾಕ ಒಂದು ದಿನವೂ ಹೇಳಿರಲಿಲ್ಲ. ಬೇರೆಯವರು ಹೇಳಿದರೆ ಆಗುವುದಿಲ್ಲವೇ ಎಂದು ನಾನೂ ಕೇಳಿರಲಿಲ್ಲ. ಗೊತ್ತಿಲ್ಲದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ ಅಭ್ಯಾಸವೇ ಇರಲಿಲ್ಲ ನನಗೆ…

ಕೇಳಿದ್ದರೆ ಕಾಕ ನನ್ನ ಹತ್ತಿರ ಸುಳ್ಳು ಹೇಳುತ್ತಿರಲಿಲ್ಲ.